ಇನ್‌ಬಾಕ್ಸ್ ತುಂಬಾ ಹೊಟ್ಟು, ಕಾಳು ಎಲ್ಲೈತ್ರೀ?

'ನಿಮಗೆ 25 ಲಕ್ಷ ರೂಪಾಯಿ ಲಾಟರಿ ಹೊಡೆದಿದೆ!' ಟಿಕೆಟ್ಟೇ ಕೊಳ್ಳದವರಿಗೂ ಲಾಟರಿ ಹೊಡೆಯುವುದು ಇ-ಮೇಲ್‌ನಲ್ಲಿ ಮಾತ್ರ. ಜತೆಗೆ ಸೀರೆ ಸೇಲ್, ಐದೇ ನಿಮಿಷದಲ್ಲಿ ಸಾಲ, ತೆಳ್ಳಗಾಗುವ ಪುಡಿ... ಇಂಥ ಬೇಡದ ಮೇಲ್‌ಗಳಿಗೆ ಸ್ಪ್ಯಾಮ್ ಅಂತ ಹೆಸರು. 1978ರಲ್ಲಿ ಅಮೆರಿಕದ ಗ್ಯಾರಿ ಥರ್ಕ್ ಎಂಬಾತ ತನ್ನ ಕಂಪನಿಯ ಕಂಪ್ಯೂಟರ್ ಮಾರಲು ಸುಮಾರು 400 ಮಂದಿಗೆ ಒಟ್ಟಿಗೇ ಸಂದೇಶ ಕಳಿಸಿದ. ಆ ಪೀಡೆ ಶುರುವಾಗಿದ್ದೇ ಅಲ್ಲಿಂದ.

'ಬಂದ್ರ ಬರ್ಲಿ ಬಿಡ್ರೀ' ಅಂತ ಸುಮ್ಮನಿರಬೇಡಿ. ಯಾದಗಿರಿ, ಶಹಾಪುರ, ಸುರಪುರದ ಹೆಣ್ಣುಮಕ್ಕಳು 371(ಜೆ) ಮೀಸಲಾತಿಯ ನೌಕರಿಗೆ, ಸ್ಕಾಲರ್‌ಶಿಪ್‌ಗೆ, ಕಾಲೇಜು ಪ್ರವೇಶಕ್ಕೆ ಅರ್ಜಿ ಹಾಕುವಾಗ ಇ-ಮೇಲ್ ವಿಳಾಸ ಕೊಟ್ಟಿರುತ್ತಾರೆ. ಜಿಮೇಲ್‌ನಲ್ಲಿ ಪುಕ್ಕಟೆ ಸಿಗುವ ಜಾಗ 15 ಜಿಬಿ. ಫೋನಿನಿಂದ ಗೂಗಲ್ ಫೋಟೋಸ್‌ಗೆ ಹೋಗುವ ಚಿತ್ರಗಳೂ ಇದರಲ್ಲೇ ಕೂರುತ್ತವೆ. ಅದು ಪೂರ್ತಿ ತುಂಬಿದರೆ ಹೊಸ ಮೇಲ್ ಒಳಗೆ ಬರುವುದೇ ಇಲ್ಲ. ಸಂದರ್ಶನದ ಪತ್ರ ಬಾಗಿಲಿಂದಲೇ ವಾಪಸ್ ಹೋದರೆ ಯಾರನ್ನು ಕೇಳುತ್ತೀರಿ? ಹಾಗಾಗಿ ಹೀಗೆ ಮಾಡಿ.

* ಕೀಲಿ ನಿಮ್ಮ ಹತ್ತಿರ ಇರಲಿ: ಆನ್‌ಲೈನ್ ಸೆಂಟರ್‌ನವರೇ ನಿಮ್ಮ ಇ-ಮೇಲ್ ಮಾಡಿಕೊಟ್ಟಿದ್ದಾರಾ? ಹಾಗಾದರೆ ಮೊದಲು ಪಾಸ್‌ವರ್ಡ್ ಬದಲಿಸಿ. ಅದಕ್ಕೆ ಜೋಡಿಸಿರುವ ಮೊಬೈಲ್ ನಂಬರ್ ನಿಮ್ಮದೇನಾ ನೋಡಿ.

* ವಿಳಾಸ ಎರಡಿರಲಿ: ನೌಕರಿ, ಬ್ಯಾಂಕು, ಕಾಲೇಜಿಗೆ ಒಂದು. ಅಂಗಡಿ, ಆ್ಯಪ್, ಕೂಪನ್‌ಗಳಿಗೆ ಇನ್ನೊಂದು. ಬಿಲ್ ಹಾಕುವಾಗ ಕೇಳಿದ ಕೂಡಲೇ ಮೊದಲನೆಯದನ್ನು ಕೊಟ್ಟುಬಿಡಬೇಡಿ.

* ಗುರುತಿನವರಾ, ಅಪರಿಚಿತರಾ?: ನೀವೇ ಖರೀದಿ ಮಾಡಿದ ಕಂಪನಿಯ ಜಾಹೀರಾತು ಬೇಸರ ತಂದರೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ. ಗುರುತೇ ಇಲ್ಲದವರ ಮೇಲ್ ಆದರೆ ಅದರೊಳಗಿನ ಯಾವ ಲಿಂಕನ್ನೂ ಮುಟ್ಟಬೇಡಿ. 'ರಿಪೋರ್ಟ್ ಸ್ಪ್ಯಾಮ್' ಒತ್ತಿದರೆ ಸಾಕು. 'ಇನ್ನು ಕಳಿಸಬೇಡಿ' ಅಂತ ಉತ್ತರ ಬರೆದಿರೋ, ಈ ವಿಳಾಸದಲ್ಲಿ ಜನ ಇದ್ದಾರೆ ಅಂತ ನೀವೇ ಹೇಳಿಕೊಟ್ಟ ಹಾಗೆ!

* ಹೊಟ್ಟಿನಲ್ಲೂ ಕಾಳು ಹುಡುಕಿ: ತೊಗರಿ ಕೇರುವಾಗ ಹೊಟ್ಟಿನ ಜತೆ ಒಂದೆರಡು ಕಾಳೂ ಹಾರುತ್ತವಲ್ಲ, ಹಾಗೆ ಒಳ್ಳೆಯ ಮೇಲ್ ಕೂಡ ಕೆಲವೊಮ್ಮೆ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ. ಅಲ್ಲಿರುವುದು 30 ದಿನಕ್ಕೆ ತಾನೇ ಅಳಿಸಿಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಇಣುಕಿ. ಅರ್ಜಿ ಹಾಕಿದ್ದರೆ ದಿನವೂ ನೋಡಿ. ಬೇಕಾದ್ದು ಸಿಕ್ಕರೆ 'ನಾಟ್ ಸ್ಪ್ಯಾಮ್' ಒತ್ತಿ.

* ಕಸದ ಬುಟ್ಟಿ ಖಾಲಿ ಮಾಡಿ: ಒಂದೊಂದಾಗಿ ಅಳಿಸುತ್ತಾ ಕೂರಬೇಡಿ. ಹುಡುಕುವ ಜಾಗದಲ್ಲಿ ಕಂಪನಿಯ ಹೆಸರು ಬರೆದರೆ ಅದರ ಮೇಲ್‌ಗಳೆಲ್ಲ ಸಾಲಾಗಿ ಬರುತ್ತವೆ. ಬಿಲ್, ರಸೀದಿ ಬಿಟ್ಟು ಉಳಿದದ್ದನ್ನು ಒಟ್ಟಿಗೇ ಆರಿಸಿ ಅಳಿಸಿ. ಆಮೇಲೆ ಟ್ರ್ಯಾಶ್ ಕೂಡ ಖಾಲಿ ಮಾಡಿ, ಇಲ್ಲವಾದರೆ ಜಾಗ ಕೂಡಲೇ ತೆರವಾಗುವುದಿಲ್ಲ.

* ದುಡ್ಡು ಕೇಳಿದರೆ ಹುಷಾರು: 'ನೌಕರಿ ಖಾತ್ರಿ, ಮೊದಲು ಫೀ ಕಟ್ಟಿ' ಎಂಬ ಮೇಲ್ ಬಂದರೆ ಲಿಂಕ್ ಒತ್ತದೆ, ಆ ಇಲಾಖೆಯ ವೆಬ್‌ಸೈಟ್‌ನಲ್ಲಿ ನೀವೇ ನೋಡಿ. ಒಟಿಪಿ ಯಾರಿಗೂ ಹೇಳಬೇಡಿ. ದುಡ್ಡು ಹೋಗಿಯೇಬಿಟ್ಟಿದ್ದರೆ 'ಮನ್ಯಾಗ ಬೈತಾರ' ಅಂತ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ವಾರಕ್ಕೆ ಹತ್ತು ನಿಮಿಷ ಸಾಕು. ಈ ಭಾನುವಾರ ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಶುರು ಮಾಡಿ, ಆಯ್ತಾ?