ನಾಲ್ಕು ಕಿಲೋ ಮುನ್ನೂರೈವತ್ತು ಗ್ರಾಂ ಮೆಣಸು ಮತ್ತು ಕಂಪ್ಯೂಟರಿನ ಲೆಕ್ಕ

ಕಳೆದ ಹಂಗಾಮಿನಲ್ಲಿ ಸದಸ್ಯರೊಬ್ಬರು ನಾಲ್ಕು ಕಿಲೋ ಮುನ್ನೂರೈವತ್ತು ಗ್ರಾಂ ಕಾಳುಮೆಣಸನ್ನು ನಮ್ಮ ಸಂಘಕ್ಕೆ ತಂದು ಹಾಕಿದರು. ತೂಕದ ಚೀಟಿಯಲ್ಲಿ 4.35 ಎಂದಿತ್ತು. ಕಂಪ್ಯೂಟರು ಮುದ್ರಿಸಿದ ಬಿಲ್ಲಿನಲ್ಲಿ 4.34 ಎಂದಿತ್ತು. ಕಿಲೋಗೆ 600 ರೂಪಾಯಿ ಎಂದಿಟ್ಟುಕೊಂಡರೆ ಆರು ರೂಪಾಯಿಯ ಮಾತು. ಮೊತ್ತವೇನೋ ಸಣ್ಣದು, ಆದರೆ ಸಂಶಯ ಬಿದ್ದದ್ದು ತಕ್ಕಡಿಯ ಬಳಿ ನಿಂತವರ ಮೇಲೆ.

ವಿಚಾರಿಸಿ ನೋಡಲಾಗಿ ತಕ್ಕಡಿಯೂ ಸರಿ, ತೂಗಿದವರೂ ಸರಿ. ತಪ್ಪು ಇದ್ದದ್ದು ಬಿಲ್ಲು ತಯಾರಿಸುವ ಪ್ರೋಗ್ರಾಮಿನಲ್ಲಿ. ನಮ್ಮ ಕಛೇರಿಯ ಕಂಪ್ಯೂಟರು ನಡೆಯುವುದು ಲಿನಕ್ಸ್ ಎಂಬ ವ್ಯವಸ್ಥೆಯ ಮೇಲೆ. ಅದರ ಒಳಗಿನ ಬರವಣಿಗೆಯನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬೆಲೆಯೂ ಇಲ್ಲ. ಪುಕ್ಕಟೆ ಸಿಕ್ಕಿದ್ದು ಹೀಗೇ ಇರುತ್ತದೆ ಎಂದು ಕೆಲವರು ಆಡಿಕೊಂಡರು. ಇದು ನ್ಯಾಯವಾದ ಮಾತಲ್ಲ. ಹಣ ಕೊಟ್ಟು ತಂದ ವ್ಯವಸ್ಥೆಯಲ್ಲಿಯೂ ಹೀಗೆ ಬರೆದ ಪ್ರೋಗ್ರಾಮು ಇದೇ ಉತ್ತರವನ್ನು ಕೊಡುತ್ತಿತ್ತು. ಕಾರಣವನ್ನು ಸದಸ್ಯ ಬಾಂಧವರು ತಿಳಿದಿರುವುದು ಒಳ್ಳೆಯದೆಂದು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಹಿರಿಯರಿಗೆ ಆಣೆಯ ಕಾಲ ನೆನಪಿರಬಹುದು. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ರೂಪಾಯಿಯ ಅರ್ಧ ಎಂಟಾಣೆ, ಅದರ ಅರ್ಧ ನಾಲ್ಕಾಣೆ, ಆಮೇಲೆ ಎರಡಾಣೆ, ಒಂದಾಣೆ, ಅರ್ಧಾಣೆ, ಕಾಲಾಣೆ. ಹೀಗೆ ಅರ್ಧ ಮಾಡುತ್ತಾ ಹೋಗುವುದೊಂದೇ ಕಂಪ್ಯೂಟರಿಗೂ ಗೊತ್ತಿರುವ ವಿದ್ಯೆ. (ಪೈಯನ್ನು ಮಾತ್ರ ಸೇರಿಸಬೇಡಿ, ಆಣೆಗೆ ಹನ್ನೆರಡು ಪೈ ಆದುದರಿಂದ ಅದು ಈ ಸಾಲಿಗೆ ಹೊಂದುವುದಿಲ್ಲ.) ಈಗ ಹತ್ತು ನಯಾಪೈಸೆಯನ್ನು ಆಣೆಯಲ್ಲಿ ಎಣಿಸಿಕೊಡಿ ನೋಡೋಣ. ಒಂದಾಣೆ ಸಾಲದು, ಎರಡಾಣೆ ಹೆಚ್ಚು. ಒಂದೂವರೆ ಆಣೆ ತುಸು ಕಡಿಮೆ, ಮೇಲೆ ಕಾಲಾಣೆ ಸೇರಿಸಿದರೆ ಹೆಚ್ಚಾಯಿತು. ಎಷ್ಟು ಸಣ್ಣ ಚೂರು ಮಾಡಿದರೂ ಸರಿಯಾಗಿ ಹತ್ತು ಪೈಸೆಗೆ ಬಂದು ನಿಲ್ಲುವುದಿಲ್ಲ. ಹತ್ತನೇ ಒಂದು ಪಾಲನ್ನು ಕಂಪ್ಯೂಟರು ಬರೆದಿಡುವಾಗ ಆಗುವುದೂ ಇದೇ. ಎಲ್ಲೋ ಒಂದು ಕಡೆ ಕತ್ತರಿಸಿ, ಹತ್ತಿರದ ಸಂಖ್ಯೆಯನ್ನು ಇಟ್ಟುಕೊಳ್ಳುತ್ತದೆ.

ಹೀಗೆ ಇಟ್ಟುಕೊಳ್ಳುವ ಸಂಖ್ಯೆಗೆ ಫ್ಲೋಟಿಂಗ್ ಪಾಯಿಂಟ್, ಅಂದರೆ ತೇಲುಬಿಂದು ಸಂಖ್ಯೆ ಎಂದು ಹೆಸರು. ಬಹಳ ದೊಡ್ಡ ಸಂಖ್ಯೆಗೂ ಬಹಳ ಚಿಕ್ಕದಕ್ಕೂ ಬಿಂದುವನ್ನು ಅತ್ತಿತ್ತ ಸರಿಸಿಕೊಂಡು ಒಂದೇ ಅಳತೆಯ ಜಾಗದಲ್ಲಿ ಹಿಡಿಸುತ್ತಾರೆ. ಹಿಂದೆ ಒಂದೊಂದು ಕಂಪನಿಯ ಯಂತ್ರಕ್ಕೆ ಒಂದೊಂದು ಕ್ರಮವಿತ್ತು. 1985ರಲ್ಲಿ ಐ.ಇ.ಇ.ಇ. 754 ಎಂಬ ಏಕರೂಪದ ನಿಯಮ ಬಂತು. ಇದರ ಹಿಂದೆ ಮುಖ್ಯವಾಗಿ ದುಡಿದವರು ಅಮೆರಿಕದ ಬರ್ಕ್ಲಿಯ ಪ್ರಾಧ್ಯಾಪಕ ವಿಲಿಯಂ ಕಹಾನ್. ಸಾಮಾನ್ಯವಾಗಿ ಬಳಸುವ 64 ಬಿಟ್ಟಿನ ಸಂಖ್ಯೆ ಹದಿನೈದು ಅಂಕೆಗಳವರೆಗೆ ನಂಬಬಹುದಾದದ್ದು.

ಹದಿನೈದು ಅಂಕೆ ಸರಿಯಿದ್ದ ಮೇಲೆ ಮೆಣಸಿನ ಹತ್ತು ಗ್ರಾಂ ಹೋದದ್ದೆಲ್ಲಿ? ನಮ್ಮ ಪ್ರೋಗ್ರಾಮು 4.35ನ್ನು ನೂರರಿಂದ ಗುಣಿಸಿ, ಬಂದ ಪೂರ್ಣಾಂಕವನ್ನು ಖಾತೆಗೆ ಬರೆಯುತ್ತಿತ್ತು. ಒಳಗಿದ್ದ 4.35 ಕೂದಲೆಳೆಯಷ್ಟು ಕಡಿಮೆಯದು. ಗುಣಲಬ್ಧ 434.99999999999994. ಸಿ ಭಾಷೆಯಲ್ಲಿ ಇದನ್ನು ಪೂರ್ಣಾಂಕ ಮಾಡೆಂದರೆ ಬಿಂದುವಿನ ಮುಂದಿನದೆಲ್ಲವನ್ನೂ ಕತ್ತರಿಸಿ ಎಸೆಯುತ್ತದೆ. ಉಳಿದದ್ದು 434. ನಾಲ್ಕೂಕಾಲು, ನಾಲ್ಕೂವರೆ ಕಿಲೋ ತಂದವರಿಗೆ ಏನೂ ಆಗಲಿಲ್ಲ, ಅವು ಆಣೆಯಂತೆ ಸರಿಯಾಗಿ ಕೂರುವ ಸಂಖ್ಯೆಗಳು. ಬಹಳ ದಿನ ಯಾರ ಕಣ್ಣಿಗೂ ಬೀಳದಿದ್ದುದು ಇದರಿಂದಲೇ.

ಕತ್ತರಿಸಿ ಎಸೆಯುವ ಚೂರು ಎಷ್ಟರವರೆಗೆ ಹೋಗಬಹುದೆಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯೇ ಸಾಕ್ಷಿ. 1982ರ ಜನವರಿಯಲ್ಲಿ 1000ದಿಂದ ಆರಂಭವಾದ ಅಲ್ಲಿಯ ಸೂಚ್ಯಂಕ 1983ರ ನವೆಂಬರಿಗೆ 524.811ಕ್ಕೆ ಇಳಿದಿತ್ತು. ಪೇಟೆ ಕುಸಿದಿರಲಿಲ್ಲ. ಪ್ರತಿ ವ್ಯವಹಾರದ ನಂತರ ಮೂರು ದಶಾಂಶದ ಆಚೆಯದನ್ನು ಸಮೀಪಿಸದೆ ಕತ್ತರಿಸಿದ್ದರು. ತಿದ್ದಿ ನೋಡಿದಾಗ ಅದು 1098.892!

ಮನೆಯಲ್ಲಿ ಲಿನಕ್ಸ್ ಇರುವ ಸದಸ್ಯರ ಮಕ್ಕಳು ಇದನ್ನು ತಾವೇ ಪರೀಕ್ಷಿಸಬಹುದು. ಪೈಥಾನಿನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಆಕ್ ಎಂಬ ಉಪಕರಣ 0.3 ಎನ್ನುತ್ತದೆ, ಆರು ಅಂಕೆ ಮಾತ್ರ ತೋರಿಸುವುದರಿಂದ ತಪ್ಪು ಮುಚ್ಚಿಹೋಗುತ್ತದೆ, ಅಷ್ಟೆ. ಬಿ.ಸಿ. ಎಂಬುದು ದಶಾಂಶದಲ್ಲಿಯೇ ಲೆಕ್ಕ ಮಾಡುವುದರಿಂದ ನಿಜವಾಗಿಯೂ ಸರಿಯಾದ ಉತ್ತರ ಕೊಡುತ್ತದೆ. ಹಳೆಯ 32 ಬಿಟ್ಟಿನ ಯಂತ್ರದಿಂದ 64 ಬಿಟ್ಟಿನದಕ್ಕೆ ಬಂದವರು ಇನ್ನೊಂದನ್ನು ಗಮನಿಸಬೇಕು. ಹಳೆಯದರಲ್ಲಿ ಲಿನಕ್ಸ್ ನಡುವಿನ ಲೆಕ್ಕವನ್ನು 80 ಬಿಟ್ಟಿನಲ್ಲಿ ಮಾಡುತ್ತಿತ್ತು, ಹೊಸದರಲ್ಲಿ 64ರಲ್ಲಿ. ಅದೇ ಪ್ರೋಗ್ರಾಮಿನ ಕೊನೆಯ ಅಂಕೆ ಬೇರೆ ಬರುವುದುಂಟು. ಜಿ.ಸಿ.ಸಿ. ಕಂಪೈಲರಿನ ದೋಷಪಟ್ಟಿಯಲ್ಲಿ 323ನೇ ದೂರು ಇದೇ.

32 ಬಿಟ್ಟಿನ ಕಿರಿಯ ಸಂಖ್ಯೆಯಂತೂ ಲೆಕ್ಕಪತ್ರದ ಹತ್ತಿರ ಸುಳಿಯಲೇಬಾರದು. ಅದರಲ್ಲಿ ಮೊತ್ತ 1,67,77,216 ಮುಟ್ಟಿದ ಮೇಲೆ ಒಂದು ಕೂಡಿಸಿದರೆ ಮೊತ್ತ ಕದಲುವುದೇ ಇಲ್ಲ. ಒಂದೂ ಮುಕ್ಕಾಲು ಕೋಟಿ ರೂಪಾಯಿ ವಹಿವಾಟಿರುವ ಸಂಘ ಒಂದೊಂದೇ ರೂಪಾಯಿ ಜಮಾ ಮಾಡುತ್ತಾ ಕುಳಿತರೆ ದಿನವಿಡೀ ಮೊತ್ತ ಇದ್ದಲ್ಲೇ ಇರುತ್ತದೆ.

ಹಾಗೆಂದು ತೇಲುಬಿಂದುವನ್ನೇ ದೂರುವುದು ಬೇಡ. ಮಳೆಯ ಅಳತೆ, ಕಾಫಿ ಬೀಜದ ತೇವಾಂಶ, ಇಳುವರಿಯ ಸರಾಸರಿ ಇವಕ್ಕೆಲ್ಲ ಅದು ತಕ್ಕದ್ದೇ. ಮಳೆಮಾಪಕ ಓದುವಾಗ ನಾವು ಮಾಡುವ ತಪ್ಪೇ ಅದಕ್ಕಿಂತ ಕೋಟಿ ಪಾಲು ದೊಡ್ಡದು. ಹಣ ಮತ್ತು ಬಿಲ್ಲಿನ ತೂಕ ಮಾತ್ರ ಎಣಿಸುವ ವಸ್ತುಗಳು. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ, ಮೊದಲಿನಿಂದಲೇ ಪೂರ್ಣಾಂಕವಾಗಿ ಇಡತಕ್ಕದ್ದು. ಇಲ್ಲವಾದರೆ ಪೈಥಾನಿನ ಡೆಸಿಮಲ್, ಪೋಸ್ಟ್‌ಗ್ರೆಸ್ ದತ್ತಕೋಶದ ನ್ಯೂಮರಿಕ್ ಬಳಸಬಹುದು. ಲಿನಕ್ಸಿನ ತಿರುಳಾದ ಕರ್ನೆಲ್ ಕೂಡ, ಕಾರಣ ಬೇರೆಯಾದರೂ, ತನ್ನ ಕೆಲಸಕ್ಕೆ ಸಾಮಾನ್ಯವಾಗಿ ತೇಲುಬಿಂದುವನ್ನು ಮುಟ್ಟುವುದಿಲ್ಲ. ಸಮಯವನ್ನು ನ್ಯಾನೋಸೆಕೆಂಡಿನಲ್ಲಿ ಪೂರ್ಣಾಂಕವಾಗಿ ಎಣಿಸುತ್ತದೆ.

ನಮ್ಮ ಪ್ರೋಗ್ರಾಮಿನ ಮೂಲ ಬರಹ ನಮ್ಮ ಕೈಯಲ್ಲಿಯೇ ಇದ್ದುದರಿಂದ ತಪ್ಪಿದ ಸಾಲನ್ನು ಹುಡುಕಿ ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು. ತೂಕ ಈಗ ಗ್ರಾಮಿನಲ್ಲಿಯೇ ದಾಖಲಾಗುತ್ತಿದೆ. ಆ ಸದಸ್ಯರ ಹತ್ತು ಗ್ರಾಮಿನ ಹಣ ಅವರ ಖಾತೆಗೆ ಜಮಾ ಆಗಿದೆ. ಕಳೆದ ಹಂಗಾಮಿನ ಬಿಲ್ಲುಗಳಲ್ಲಿ ಇಂಥ ವ್ಯತ್ಯಾಸ ಕಂಡ ಇತರ ಸದಸ್ಯರು ತೂಕದ ಚೀಟಿಯೊಂದಿಗೆ ಕಛೇರಿಗೆ ಬಂದು ಗುಮಾಸ್ತರನ್ನು ಕಾಣಬೇಕಾಗಿ ಕೋರಿದೆ.