ಪರರಾಷ್ಟ್ರದ ಪ್ರಚಾರ, ಸ್ವದೇಶದ ಧ್ವನಿ

ಚುನಾವಣೆಯ ಕಾಲದಲ್ಲಿ ಮತದಾರನ ಕಿವಿಗೆ ನೂರಾರು ಮಾತುಗಳು ಬೀಳುತ್ತವೆ. ಅವು ನಿಜವೋ ಸುಳ್ಳೋ ಎಂದು ಅವನು ವಿಚಾರಿಸುವುದುಂಟು. ಆದರೆ ಅವನ್ನು ಬರೆದವರಾರು, ಹಣ ತೆತ್ತವರಾರು ಎಂದು ವಿಚಾರಿಸುವುದು ವಿರಳ. ಪರರಾಷ್ಟ್ರದ ಪ್ರಚಾರವು ಒಳನುಸುಳುವುದು ಈ ಅಲಕ್ಷ್ಯದ ಬಾಗಿಲಿನಿಂದಲೇ. 1940ರಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ನಡೆದ ಸಂಗತಿಗಳು ಇದಕ್ಕೆ ನಿದರ್ಶನವಾಗಿವೆ.

ಆಗ ಯೂರೋಪಿನಲ್ಲಿ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. ಅಮೆರಿಕಾ ಬ್ರಿಟನ್ನಿನ ನೆರವಿಗೆ ಬಾರದಂತೆ ತಡೆಯುವುದು ನಾಜಿ ಜರ್ಮನಿಯ ಹವಣಿಕೆಯಾಗಿತ್ತು. ಯುದ್ಧದ ಗೊಡವೆ ಬೇಡವೆನ್ನುವ ಅಮೆರಿಕನ್ನರೂ ಬಹುಸಂಖ್ಯೆಯಲ್ಲಿದ್ದರು. ಮೊದಲನೆಯ ಮಹಾಯುದ್ಧದ ಸಾವುನೋವುಗಳನ್ನು ಕಂಡಿದ್ದ ಅವರ ಅಭಿಪ್ರಾಯ ಪ್ರಾಮಾಣಿಕವಾದುದೇ. ಆ ಪ್ರಾಮಾಣಿಕತೆಯನ್ನೇ ಜರ್ಮನಿಯು ತನಗೆ ವಾಹನವನ್ನಾಗಿ ಮಾಡಿಕೊಂಡಿತು.

ಆ ವರ್ಷದ ಜೂನ್ ತಿಂಗಳಲ್ಲಿ, ಅಧ್ಯಕ್ಷ ಪದವಿಗೆ ಅಭ್ಯರ್ಥಿಯನ್ನು ಆರಿಸಲು ರಿಪಬ್ಲಿಕನ್ ಪಕ್ಷದ ಅಧಿವೇಶನವು ಫಿಲಡೆಲ್ಫಿಯಾದಲ್ಲಿ ಸೇರಿತು. ಯುದ್ಧವಿರೋಧಿಗಳಾದ ಸಂಸತ್ ಸದಸ್ಯರನ್ನು ಅಲ್ಲಿಗೆ ಕರೆತರಲು ಹಾಗೂ ಪತ್ರಿಕೆಗಳಲ್ಲಿ ಪೂರ್ಣಪುಟದ ಜಾಹೀರಾತು ಹಾಕಿಸಲು ಗುಪ್ತವಾಗಿ ಧನಸಹಾಯ ಮಾಡುವ ಯೋಜನೆಯನ್ನು ಜರ್ಮನ್ ರಾಯಭಾರ ಕಚೇರಿಯ ಹಾನ್ಸ್ ಥಾಮ್ಸನ್ ಬರ್ಲಿನ್ನಿಗೆ ತಂತಿಯ ಮೂಲಕ ತಿಳಿಸಿದನು. ಯುದ್ಧಾನಂತರ ದೊರೆತ ಕಡತಗಳಿಂದ ಇದು ಬೆಳಕಿಗೆ ಬಂದಿತು. ಅಧಿವೇಶನವು ಬ್ರಿಟನ್ನಿಗೆ ನೆರವು ನೀಡಬೇಕೆನ್ನುತ್ತಿದ್ದ ವೆಂಡೆಲ್ ವಿಲ್ಕಿಯವರನ್ನೇ ಆರಿಸಿತು.

ಜರ್ಮನಿಯಿಂದ ಹಣ ಪಡೆಯುತ್ತಿದ್ದ ಲೇಖಕ ಜಾರ್ಜ್ ಸಿಲ್ವೆಸ್ಟರ್ ವೀರೆಕ್‌ನ ಮಾರ್ಗವು ಇದಕ್ಕಿಂತ ಸೂಕ್ಷ್ಮವಾದುದು. ಅವನು ಮಿನೆಸೋಟಾದ ಸೆನೆಟ್ ಸದಸ್ಯ ಅರ್ನೆಸ್ಟ್ ಲುಂಡೀನರಿಗೆ ಭಾಷಣಗಳನ್ನು ಬರೆದುಕೊಡುತ್ತಿದ್ದನು. ಯುದ್ಧವಿರೋಧಿ ಭಾಷಣಗಳು ಸಂಸತ್ತಿನ ಕಲಾಪದ ವರದಿಯಲ್ಲಿ ಅಚ್ಚಾಗಿ, ಸದಸ್ಯರಿಗಿದ್ದ ಉಚಿತ ಅಂಚೆಯ ಸೌಲಭ್ಯದಿಂದ ಮತದಾರರ ಮನೆಗಳನ್ನು ಸೇರುತ್ತಿದ್ದವು. ಲಕೋಟೆಯ ಮೇಲೆ ಜನಪ್ರತಿನಿಧಿಯ ಹೆಸರು. ಅದನ್ನು ಕಳುಹಿಸುವ ಏರ್ಪಾಡಿನ ಹಿಂದೆ ಜರ್ಮನಿಯ ವೇತನದಾರ. ಹೀಗೆ ಶತ್ರುವಿನ ಪ್ರಚಾರಕ್ಕೆ ಅಂಚೆಯ ವೆಚ್ಚವನ್ನು ಭರಿಸಿದುದು ಅಮೆರಿಕದ ಬೊಕ್ಕಸವೇ!

1938ರ ಕಾನೂನಿನಂತೆ ಪರರಾಷ್ಟ್ರಗಳ ಪ್ರಚಾರಕರು ಹೆಸರು ನೋಂದಾಯಿಸಿ, ತಮ್ಮ ಚಟುವಟಿಕೆಗಳನ್ನು ಬಹಿರಂಗಪಡಿಸಬೇಕಾಗಿತ್ತು. ವೀರೆಕ್ ನೋಂದಾಯಿಸಿದ್ದನಾದರೂ ಮುಖ್ಯ ಸಂಗತಿಗಳನ್ನು ಮರೆಮಾಚಿದನೆಂದು 1942ರಲ್ಲಿ ಶಿಕ್ಷೆಗೊಳಗಾದನು. ಮರುವರ್ಷ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ರದ್ದುಗೊಳಿಸಿತು. ಮರುವಿಚಾರಣೆಯಲ್ಲಿ ಅವನು ಪುನಃ ಅಪರಾಧಿಯೆನಿಸಿದನು. ಆ ಕಾನೂನು ಅಭಿಪ್ರಾಯವನ್ನು ನಿಷೇಧಿಸಲಿಲ್ಲ, ಮುಸುಕನ್ನು ತೆಗೆಯೆಂದಿತು ಎಂಬುದು ಗಮನಾರ್ಹ.

ಕಾಲ ಬದಲಾದಂತೆ ಲಕೋಟೆಯ ಸ್ಥಾನವನ್ನು ಅಂತರ್ಜಾಲ ಆಕ್ರಮಿಸಿತು. 2016ರ ಚುನಾವಣೆಯಲ್ಲಿ ಟೆನೆಸ್ಸೀ ರಾಜ್ಯದ ರಿಪಬ್ಲಿಕನ್ನರ ಹೆಸರು ಧರಿಸಿದ್ದ ಒಂದು ಟ್ವಿಟರ್ ಖಾತೆಯ ಬರಹಗಳನ್ನು ಡೊನಾಲ್ಡ್ ಟ್ರಂಪರ ಪ್ರಚಾರ ಬಳಗದವರೇ ಹಂಚಿದರು. ಅದನ್ನು ನಡೆಸುತ್ತಿದ್ದುದು ರಷ್ಯಾದ ಒಂದು ಸಂಸ್ಥೆಯೆಂದು 2019ರಲ್ಲಿ ಪ್ರಕಟವಾದ ರಾಬರ್ಟ್ ಮುಲ್ಲರರ ವರದಿ ತಿಳಿಸಿತು. ಆ ಸಂಸ್ಥೆಯೊಡನೆ ಅಮೆರಿಕನ್ನರು ತಿಳಿದೂ ತಿಳಿದು ಕೈಗೂಡಿಸಿದರೆಂಬುದಕ್ಕೆ ಆಧಾರ ದೊರೆಯಲಿಲ್ಲವೆಂದೂ ವರದಿ ಹೇಳಿತು. ಅರಿಯದೆಯೂ ಪರರ ಬಾಯಾಗಬಹುದೆಂಬುದೇ ಇದರ ಪಾಠ.

ತನಗೆ ಪ್ರಿಯವಾದ ಮಾತನ್ನು ಮನುಷ್ಯನು ಪರೀಕ್ಷಿಸುವುದಿಲ್ಲ. ಆದುದರಿಂದ ಒಪ್ಪಿಗೆಯಾದ ಮಾತನ್ನೇ ಮೊದಲು ಪರೀಕ್ಷಿಸುವ ಅಭ್ಯಾಸವನ್ನು ಎಳೆಯರಲ್ಲಿ ಬೆಳೆಸಬೇಕಾಗಿದೆ. ಕಾನೂನು ತಪ್ಪಿತಸ್ಥನನ್ನು ಹಿಡಿಯುವುದು ಮತದಾನ ಮುಗಿದ ಮೇಲೆ. ಮತಗಟ್ಟೆಗೆ ಹೋಗುವ ಮುನ್ನ ಪ್ರಜೆಗೆ ಒದಗಿಬರುವುದು ಅವನು ಪಡೆದ ಶಿಕ್ಷಣವೊಂದೇ.