ಗಜನಿ ಕಟ್ಟೆಯೂ ಕಾಂಡ್ಲಾ ವನವೂ: ಅಳಿವೆಗಳ ಸಂರಕ್ಷಣೆಗೆ ಸರ್ಕಾರದ ಸಹಾಯ

ಉತ್ತರ ಕನ್ನಡ ಜಿಲ್ಲೆಯ ನದಿಗಳು ಸಮುದ್ರವನ್ನು ಸೇರುವ ಅಳಿವೆಗಳಲ್ಲಿ, ಭರತದ ಹೊತ್ತಿಗೆ ಉಪ್ಪುನೀರು ಏರಿ ಇಳಿತದ ಹೊತ್ತಿಗೆ ಹಿಂದೆ ಸರಿಯುವ ತಗ್ಗುಭೂಮಿಗಳಿಗೆ ಗಜನಿಯೆಂದು ಹೆಸರು. ಇವುಗಳ ಸುತ್ತಲೂ ಕಟ್ಟೆಗಳನ್ನು ಹಾಕಿ, ತೂಬುಗಳನ್ನು ಇರಿಸಿ, ಮಳೆಗಾಲದಲ್ಲಿ ಕಗ್ಗ ಭತ್ತವನ್ನೂ ಬೇಸಗೆಯಲ್ಲಿ ಮೀನು ಸಿಗಡಿಗಳನ್ನೂ ಪಡೆಯುವ ಪದ್ಧತಿಯು ಬಹು ಹಿಂದಿನಿಂದ ನಡೆದುಬಂದುದಾಗಿದೆ. ಕಟ್ಟೆಯ ಹೊರಮೈಯ ಕೆಸರಿನಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಗಿಡಗಳನ್ನಾದರೋ, ಸೌದೆಗೆ ಮಾತ್ರ ಒದಗತಕ್ಕ ಪೊದೆಗಳೆಂದು ಎಣಿಸಿ ಅನೇಕ ಕಡೆಗಳಲ್ಲಿ ಕಡಿದುಹಾಕಲಾಯಿತು. ಕಾಂಡ್ಲಾ ಹೋದ ಕಡೆ ಕಟ್ಟೆಗೆ ಆಸರೆ ತಪ್ಪಿತು; ಕಟ್ಟೆ ಒಡೆದ ಕಡೆ ಗದ್ದೆಯು ಬೀಳುಬಿತ್ತು. ಆದುದರಿಂದ ಕಾಂಡ್ಲಾ ವನದ ರಕ್ಷಣೆಯು ಹಕ್ಕಿ ಮೀನುಗಳಿಗೆ ಮಾತ್ರ ಸಂಬಂಧಿಸಿದ ವಿಷಯವಲ್ಲ, ಹಿಡುವಳಿದಾರರ ಅನ್ನಕ್ಕೂ ಸಂಬಂಧಿಸಿದ ವಿಷಯವೆಂಬುದನ್ನು ಗ್ರಾಮದ ಮುಖಂಡರು ಮೊದಲು ಮನಗಾಣಬೇಕು.

ಅಘನಾಶಿನಿಯ ಅಳಿವೆ

ಶಿರಸಿಯ ಬಳಿ ಹುಟ್ಟಿ ಕುಮಟಾ ತಾಲ್ಲೂಕಿನ ತದಡಿಯ ಹತ್ತಿರ ಸಮುದ್ರವನ್ನು ಸೇರುವ ಅಘನಾಶಿನಿ ನದಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟು ಇಲ್ಲ. ಇದರಿಂದ ಮಳೆಗಾಲದ ಸಿಹಿನೀರೂ ಅದರೊಡನೆ ಬರುವ ಮೆಕ್ಕಲು ಮಣ್ಣೂ ತಡೆಯಿಲ್ಲದೆ ಅಳಿವೆಯನ್ನು ತಲುಪುತ್ತವೆ. 4801 ಹೆಕ್ಟೇರು ವಿಸ್ತೀರ್ಣವುಳ್ಳ ಈ ಅಳಿವೆಯನ್ನು 2024ನೇ ಇಸವಿಯ ಜನವರಿ ತಿಂಗಳಲ್ಲಿ, 1971ರ ರಾಮ್‌ಸಾರ್ ಒಡಂಬಡಿಕೆಯಂತೆ ಅಂತರರಾಷ್ಟ್ರೀಯ ಮಹತ್ವವುಳ್ಳ ಜೌಗುಪ್ರದೇಶವೆಂದು ಅಂಗೀಕರಿಸಲಾಯಿತು. ಮೀನುಗಾರಿಕೆ, ಗಜನಿ ಬೇಸಾಯ, ಬಳಚು ಮತ್ತು ಏಡಿಗಳ ಸಂಗ್ರಹ, ಉಪ್ಪಿನ ತಯಾರಿಕೆ ಮುಂತಾದ ಕಸುಬುಗಳಿಂದ ಇಲ್ಲಿ 6000ದಿಂದ 7500 ಕುಟುಂಬಗಳು ಜೀವಿಸುತ್ತವೆಂದು ಆ ಸಂದರ್ಭದಲ್ಲಿ ಸರ್ಕಾರದವರು ಪ್ರಕಟಿಸಿದರು. ಚಳಿಗಾಲದಲ್ಲಿ ದೂರದೇಶಗಳಿಂದ ಬರುವ ನೀರುಹಕ್ಕಿಗಳಿಗೂ ಇದೇ ಆಶ್ರಯ.

ಕಾಂಡ್ಲಾದಿಂದ ಆಗುವ ಪ್ರಯೋಜನ

ಕಾಂಡ್ಲಾ ಜಾತಿಯ ಗಿಡಗಳಲ್ಲಿ ಕೆಲವಕ್ಕೆ ಕಾಂಡದಿಂದ ಕಮಾನಿನಂತೆ ಇಳಿಯುವ ಊರುಬೇರುಗಳೂ, ಉಪ್ಪಟ್ಟಿಯಂಥವಕ್ಕೆ ಕೆಸರಿನಿಂದ ಮೇಲಕ್ಕೆ ಮೂಡುವ ಉಸಿರುಬೇರುಗಳೂ ಇರುತ್ತವೆ. ಅಲೆಯು ಈ ಬೇರುಗಳ ನಡುವೆ ನುಗ್ಗುವಾಗ ಅದರ ರಭಸವು ಮುರಿಯುತ್ತದೆ. ನೀರಿನಲ್ಲಿ ತೇಲಿಬಂದ ಮಣ್ಣು ಅಲ್ಲಿಯೇ ತಂಗುತ್ತದೆ. ಹೀಗೆ ಕಟ್ಟೆಯ ಬುಡವು ಕೊರೆದುಹೋಗದೆ ಉಳಿಯುವುದು. ಉದುರಿದ ಎಲೆಗಳು ಕೊಳೆತು ಸಣ್ಣ ಜೀವಿಗಳಿಗೆ ಆಹಾರವಾಗುತ್ತವೆ. ಮೀನು, ಸಿಗಡಿ, ಏಡಿಗಳ ಮರಿಗಳು ಬೇರುಗಳ ಮರೆಯಲ್ಲಿ ಬೆಳೆಯುತ್ತವೆ. ಕಗ್ಗದ ಕಟಾವಿನ ತರುವಾಯ ತೂಬಿನ ಬಾಗಿಲನ್ನು ತೆರೆದಾಗ ಭರತದೊಡನೆ ಗಜನಿಯೊಳಕ್ಕೆ ಬರುವ ಮರಿಗಳಲ್ಲಿ ಬಹುಪಾಲು ಇಂಥ ಆಶ್ರಯದಲ್ಲಿ ಬೆಳೆದವೇ ಆಗಿರುತ್ತವೆ. ಗದ್ದೆಯಲ್ಲಿ ಉಳಿದ ಕೂಳೆಯು ನೀರಿನಲ್ಲಿ ಕೊಳೆತು ಅವುಗಳಿಗೆ ಮೇವನ್ನು ಒದಗಿಸುವುದು. ಅವುಗಳ ಮಲವು ಮುಂದಿನ ಬೆಳೆಗೆ ಗೊಬ್ಬರವಾಗುವುದು.

ದೊಡ್ಡ ಚಂಡಮಾರುತಗಳಲ್ಲಿ ಈ ವನಗಳ ಬೆಲೆಯು ಇನ್ನೂ ಸ್ಪಷ್ಟವಾಗಿ ತೋರಿಬಂದಿದೆ. 1999ನೇ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಒಡಿಶಾ ತೀರಕ್ಕೆ ಅಪ್ಪಳಿಸಿದ ಚಂಡಮಾರುತದ ತರುವಾಯ ಕೇಂದ್ರಪಾಡಾ ಜಿಲ್ಲೆಯಲ್ಲಿ ವಿಚಾರಿಸಿ ನೋಡಿದಾಗ, ಸಮುದ್ರಕ್ಕೂ ತಮಗೂ ನಡುವೆ ಅಗಲವಾದ ಕಾಂಡ್ಲಾ ವನವನ್ನು ಉಳಿಸಿಕೊಂಡಿದ್ದ ಗ್ರಾಮಗಳಲ್ಲಿ ಜನಹಾನಿಯು ಕಡಮೆಯಾಗಿತ್ತೆಂದು ತಿಳಿದುಬಂದಿತು.

ವನಗಳು ಕ್ಷೀಣಿಸಿದ ಬಗೆ

ಹಿಂದೆ ಗಜನಿಯ ರೈತರು ಪ್ರತಿವರ್ಷವೂ ಕೂಡಿ ಕಟ್ಟೆಯನ್ನು ಸರಿಪಡಿಸುತ್ತಿದ್ದರು. ಕಟ್ಟೆಯ ಹೊರಗಡೆಯ ಕಾಂಡ್ಲಾವನ್ನೂ ಕಾಯುತ್ತಿದ್ದರು. ಕಳೆದ ಶತಮಾನದ ಉತ್ತರಾರ್ಧದಲ್ಲಿ ಸರ್ಕಾರದ ವೆಚ್ಚದಿಂದ ಕಲ್ಲಿನ ಕಟ್ಟೆಗಳು ಬಂದ ಮೇಲೆ ಈ ಸಮುದಾಯದ ದುಡಿಮೆಯು ಸಡಿಲವಾಯಿತು. ಆಮೇಲೆ ಸಿಗಡಿ ಸಾಕಣೆಯ ಲಾಭವನ್ನು ಕಂಡು ಅನೇಕ ಗಜನಿಗಳನ್ನು ಗುತ್ತಿಗೆಗೆ ಕೊಡಲಾಯಿತು. 1994-95ರ ಸುಮಾರಿಗೆ ಬಿಳಿಚುಕ್ಕೆ ರೋಗವು ದೇಶದ ಸಿಗಡಿ ಕೊಳಗಳಿಗೆ ತಗಲಿ ಅಪಾರ ನಷ್ಟವುಂಟಾಯಿತು. 1996ನೇ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದೊಳಗಿನ ಕೈಗಾರಿಕಾ ರೀತಿಯ ಸಿಗಡಿ ಕೊಳಗಳನ್ನು ನಿಷೇಧಿಸಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ವಿನಾಯಿತಿ ಕೊಟ್ಟಿತು; 2005ರಲ್ಲಿ ಈ ಕಸುಬಿನ ಮೇಲ್ವಿಚಾರಣೆಗೆ ಪ್ರತ್ಯೇಕ ಕಾಯಿದೆಯೂ ಬಂದಿತು.

ಈಗ ಉಳಿದಿರುವುದು ಸ್ವಲ್ಪವೇ. 2021ನೇ ಸಾಲಿನ ಭಾರತ ಅರಣ್ಯ ಸ್ಥಿತಿ ವರದಿಯಂತೆ ದೇಶದ 4992 ಚದರ ಕಿಲೋಮೀಟರು ಕಾಂಡ್ಲಾ ವನದಲ್ಲಿ ಕರ್ನಾಟಕದ ಪಾಲು 13 ಚದರ ಕಿಲೋಮೀಟರು ಮಾತ್ರ. ಇಷ್ಟು ಅಲ್ಪವಾದುದರಲ್ಲಿ ಒಂದೊಂದು ಎಕರೆಯೂ ಲೆಕ್ಕಕ್ಕೆ ಬರತಕ್ಕದ್ದೇ ಆಗಿದೆ.

ಸರ್ಕಾರದಿಂದ ದೊರೆಯುವ ನೆರವು

(1) ಕಾನೂನಿನ ರಕ್ಷಣೆ: ಕರಾವಳಿ ನಿಯಂತ್ರಣ ವಲಯದ ಪ್ರಕಟಣೆಯು ಮೊದಲು 1991ರಲ್ಲಿಯೂ, ಪರಿಷ್ಕೃತವಾಗಿ 2011 ಮತ್ತು 2019ರಲ್ಲಿಯೂ ಹೊರಟಿತು. ಇದರಂತೆ ಕಾಂಡ್ಲಾ ವನಗಳು ಅತ್ಯಂತ ಸೂಕ್ಷ್ಮವಾದ ವರ್ಗಕ್ಕೆ ಸೇರುತ್ತವೆ. ಸಾರ್ವಜನಿಕ ಅವಶ್ಯಕತೆಯ ರಸ್ತೆಗಾಗಿ ಅನಿವಾರ್ಯವಾಗಿ ವನಕ್ಕೆ ಹಾನಿಯಾದರೆ, ಹಾನಿಯಾದುದಕ್ಕೆ ಮೂರರಷ್ಟಕ್ಕೆ ಕಡಮೆಯಾಗದಂತೆ ಬೇರೆಡೆ ಬೆಳೆಸಬೇಕೆಂದು 2019ರ ಪ್ರಕಟಣೆಯು ವಿಧಿಸಿದೆ.

(2) ನೆಡುವ ಕಾರ್ಯಕ್ಕೆ ಹಣ: 2023-24ನೇ ಸಾಲಿನ ಕೇಂದ್ರ ಆಯವ್ಯಯದಲ್ಲಿ ಸಾರಲ್ಪಟ್ಟು, 2023ನೇ ಜೂನ್ 5ರಂದು ಆರಂಭವಾದ 'ಮಿಷ್ಟಿ' ಎಂಬ ಯೋಜನೆಯು ಐದು ವರ್ಷಗಳಲ್ಲಿ ದೇಶದ ಸುಮಾರು 540 ಚದರ ಕಿಲೋಮೀಟರುಗಳಲ್ಲಿ ಕಾಂಡ್ಲಾವನ್ನು ಬೆಳೆಸುವ ಗುರಿಯುಳ್ಳದ್ದು. ಪರಿಹಾರಾತ್ಮಕ ಅರಣ್ಯ ನಿಧಿಯೇ ಮೊದಲಾದ ಮೂಲಗಳನ್ನು ಇದಕ್ಕೆ ಕೂಡಿಸಬೇಕೆಂದು ಆಗ ಗೊತ್ತುಮಾಡಲಾಯಿತು. ತೀರದ ನಿವಾಸಿಗಳ ಆದಾಯವೂ ಹೆಚ್ಚಬೇಕೆಂಬುದು ಇದರ ಇನ್ನೊಂದು ಉದ್ದೇಶ. ಹೊನ್ನಾವರದ ಬಳಿ ಶರಾವತಿಯ ಕಾಂಡ್ಲಾ ವನದ ನಡುವೆ ಅರಣ್ಯ ಇಲಾಖೆಯವರು ನಿರ್ಮಿಸಿರುವ ಕಾಲುಹಾದಿಯನ್ನು ನೋಡಿದವರು, ವನವನ್ನು ಕಡಿಯದೆಯೂ ಸಂಪಾದನೆಗೆ ದಾರಿಯುಂಟೆಂಬುದನ್ನು ಬಲ್ಲರು.

(3) ಗ್ರಾಮಕ್ಕೆ ಅಧಿಕಾರ: ಗ್ರಾಮ ಅರಣ್ಯ ಸಮಿತಿಗಳ ವ್ಯವಸ್ಥೆಯು ಕರ್ನಾಟಕದಲ್ಲಿ 1993ರಿಂದ ಜಾರಿಗೆ ಬಂದಿತು. 2002ರ ಜೀವವೈವಿಧ್ಯ ಕಾಯಿದೆಯು ಪ್ರತಿಯೊಂದು ಸ್ಥಳೀಯ ಸಂಸ್ಥೆಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯು ಇರಬೇಕೆಂದು ವಿಧಿಸಿದೆ. ಊರಿನ ಗಜನಿ, ಕಾಂಡ್ಲಾ, ಬಳಚಿನ ನೆಲೆ, ಕಗ್ಗದ ಬೀಜ ಇವೆಲ್ಲವನ್ನೂ ದಾಖಲೆಮಾಡಿಡುವುದು ಈ ಸಮಿತಿಯ ಕರ್ತವ್ಯ.

ನೆಡುವ ಕ್ರಮ

ದಿನಕ್ಕೆರಡು ಸಲ ಭರತದ ನೀರು ಬಂದು ಹೋಗುವ ಕೆಸರುನೆಲವೇ ತಕ್ಕದ್ದು. ಉದ್ದ ಕೋಡಿನ ಕಾಂಡ್ಲಾದಲ್ಲಿ ಬೀಜವು ತಾಯಿಗಿಡದ ಮೇಲೆಯೇ ಮೊಳೆತು ಕೋಲಿನಂತೆ ಇಳಿಬಿದ್ದಿರುತ್ತದೆ. ಅದರ ಮೇಲ್ತುದಿಯ ಬಳೆಯು ಹಳದಿಯಾಗಿ, ಮುಟ್ಟಿದೊಡನೆ ಕಳಚುವಂತಿದ್ದರೆ ಬಲಿತಿದೆಯೆಂದು ತಿಳಿಯಬೇಕು. ಮಳೆಗಾಲದಲ್ಲಿ ಇಂಥವನ್ನು ಆರಿಸಿ, ಚೂಪಾದ ತುದಿ ಕೆಳಗಾಗುವಂತೆ ಮೂರರಲ್ಲೊಂದು ಭಾಗವನ್ನು ಕೆಸರಿನಲ್ಲಿ ಊರಿದರೆ ಸಾಕು. ಉಪ್ಪಟ್ಟಿಯ ಬೀಜವು ಚಿಕ್ಕದಾದುದರಿಂದ ಅದನ್ನು ಚೀಲಗಳಲ್ಲಿ ಸಸಿಮಾಡಿ, ಕೆಲವು ತಿಂಗಳ ತರುವಾಯ ನೆಡುವುದು ಲೇಸು. ನೀರು ಹರಿಯದೆ ಉಪ್ಪು ನಿಂತ ದಿಣ್ಣೆಗಳಲ್ಲಿ ಗಿಡವು ಬದುಕದು. ತಮಿಳುನಾಡಿನ ಪಿಚ್ಚಾವರದಲ್ಲಿ ಇಂಥ ನೆಲಗಳಿಗೆ ಮೊದಲು ಕಾಲುವೆ ತೋಡಿ ಭರತದ ನೀರನ್ನು ಹಾಯಿಸಿ, ಆಮೇಲೆ ಸಸಿಯಿಟ್ಟು ಫಲವನ್ನು ಪಡೆದರು.

ನೆಡಬಾರದ ಸ್ಥಳಗಳೂ ಉಂಟು. ಇಳಿತದಲ್ಲಿ ತೆರೆದುಕೊಳ್ಳುವ ಬಯಲು ಕೆಸರು ಖಾಲಿಯಾಗಿ ಕಂಡರೂ ಅದೇ ಬಳಚಿನ ನೆಲೆ, ಅದೇ ನೀರುಹಕ್ಕಿಗಳು ಮೇಯುವ ಸ್ಥಳ. ಲೆಕ್ಕ ತುಂಬಿಸುವುದಕ್ಕಾಗಿ ಅಲ್ಲಿ ಸಸಿ ನೆಟ್ಟರೆ ಬಳಚು ಹೆಕ್ಕುವ ಬಡ ಹೆಂಗಸರ ಕೂಲಿಯೂ ಹೋಗುತ್ತದೆ. ಅಲೆಗೆ ಸಿಕ್ಕಿ ಸಸಿಯೂ ಹೋಗುತ್ತದೆ.

ಹಿಡುವಳಿದಾರರ ಅಳುಕು

ಬೀಳುಬಿದ್ದ ಗಜನಿಯೊಳಗೆ ಕಾಂಡ್ಲಾ ಹಬ್ಬಿದರೆ ಭೂಮಿಯು ಕೈತಪ್ಪುವುದೆಂಬ ಭಯವು ಅನೇಕ ಒಡೆಯರಲ್ಲಿ ಇದೆ. ಈ ಭಯವು ನಿರಾಧಾರವಲ್ಲ. ಸ್ವಂತ ಹಿಡುವಳಿಯಾದ ಮಾತ್ರಕ್ಕೆ ಬೆಳೆದ ವನವನ್ನು ಕಡಿಯಲು ಸ್ವಾತಂತ್ರ್ಯವುಂಟೆಂದು ಭಾವಿಸತಕ್ಕದ್ದಲ್ಲ. ಆದರೆ ಪರಿಹಾರವು ಕೊಡಲಿಯಲ್ಲಿಲ್ಲ, ಬೇಸಾಯದಲ್ಲಿದೆ. ಕಟ್ಟೆ ಭದ್ರವಾಗಿದ್ದು ಪ್ರತಿವರ್ಷವೂ ಕಗ್ಗವನ್ನು ಬಿತ್ತುವ ಗಜನಿಯಲ್ಲಿ ಕಾಂಡ್ಲಾ ನೆಲೆಯೂರಲು ಆಸ್ಪದವೇ ಇರುವುದಿಲ್ಲ. ಒಳಗೆ ಭತ್ತ, ಹೊರಗೆ ಕಾಂಡ್ಲಾ ಎಂಬ ಹಿರಿಯರ ಏರ್ಪಾಟೇ ಒಡೆಯನ ಹಕ್ಕಿಗೂ ಅಳಿವೆಯ ಜೀವಿಗಳಿಗೂ ಕ್ಷೇಮಕರವಾದುದು.

ಮುಖಂಡರು ಮಾಡತಕ್ಕದ್ದು

ಮಳೆಗಾಲಕ್ಕೆ ಮುಂಚೆ ಗಜನಿಯ ಒಡೆಯರು, ಮೀನುಗಾರರು, ಬಳಚು ಹೆಕ್ಕುವವರು ಇವರೆಲ್ಲರನ್ನೂ ಸಭೆಗೆ ಕರೆದು, ಕಟ್ಟೆಯ ಯಾವ ಭಾಗವು ಕೊರೆಯುತ್ತಿದೆಯೆಂಬುದನ್ನು ಗುರುತಿಸಬೇಕು. ಅಲ್ಲಿ ಕಾಂಡ್ಲಾ ನೆಡಬೇಕೆಂದು ಪಂಚಾಯಿತಿಯಲ್ಲಿ ನಿರ್ಣಯವನ್ನು ಮಾಡಿ ವಲಯ ಅರಣ್ಯಾಧಿಕಾರಿಗಳಿಗೆ ಕಳುಹಿಸಬೇಕು. ನೆಟ್ಟ ಮೊದಲ ಎರಡು ಮೂರು ವರ್ಷ ದನ ನುಗ್ಗದಂತೆ ಕಾದು, ಸತ್ತ ಸಸಿಗಳ ಜಾಗದಲ್ಲಿ ಬೇರೆಯವನ್ನು ಇಡಬೇಕು. ತೇಲಿಬಂದ ಕಸವೂ ಹಳೆಯ ಬಲೆಯೂ ಸಸಿಗೆ ಸುತ್ತಿಕೊಳ್ಳದಂತೆ ಆಗಾಗ ತೆಗೆಸಬೇಕು. ಸರ್ಕಾರದ ಹಣದಿಂದ ಸಸಿಯನ್ನು ನೆಡಿಸಬಹುದು. ಅದನ್ನು ಉಳಿಸುವುದು ಊರಿನವರ ಕಾವಲಿನಿಂದಲೇ ಆಗಬೇಕು. ಇಂದು ಕಟ್ಟೆಯ ಹೊರಗೆ ಊರಿದ ಗಿಡವು ಬಲಿತಷ್ಟೂ ಒಳಗಿನ ಕಗ್ಗಕ್ಕೂ ತೂಬಿನ ಮೀನಿಗೂ ಅಷ್ಟು ಭದ್ರತೆಯೆಂಬುದನ್ನು ಪ್ರತಿಯೊಬ್ಬ ಹಿಡುವಳಿದಾರನೂ ನೆನಪಿನಲ್ಲಿಟ್ಟು, ಬರುವ ಮಳೆಗಾಲದಿಂದಲೇ ಈ ಕಾರ್ಯಕ್ಕೆ ತೊಡಗುವುದು ಉಚಿತವು.